ಹಬ್ಬದ ಮನೆಯ ಹುರಿದ ಕುಂಬಳ

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಊಟಕ್ಕೆ ಮೊದಲು ನೆಂಟರ ಕೈಗೆ ಬರುವ ತಿನಿಸುಗಳಲ್ಲಿ ಹುರಿದ ಕುಂಬಳವೂ ಒಂದು. ಈ ಕಾಯಿ ಅಮೆರಿಕ ಖಂಡದ್ದೇ. ಮೆಕ್ಸಿಕೋದ ಓಹಾಕಾ ಕಣಿವೆಯ ಗುಹೆಯೊಂದರಲ್ಲಿ ಸಿಕ್ಕ ಕುಂಬಳದ ಬೀಜಗಳು ಸುಮಾರು 10,000 ವರ್ಷ ಹಳೆಯವು. ಉತ್ತರದ ಇರೊಕ್ವಾ ಜನ ಮುಸುಕಿನಜೋಳ, ಬೀನ್ಸ್, ಕುಂಬಳ ಮೂರನ್ನೂ ಒಂದೇ ಪಾತಿಯಲ್ಲಿ ಬೆಳೆದು, ಮೂವರು ಅಕ್ಕತಂಗಿಯರೆಂದು ಕರೆದರು. ಜೋಳದ ದಂಟಿಗೆ ಬೀನ್ಸ್ ಬಳ್ಳಿ ಹಬ್ಬುತ್ತದೆ. ಕುಂಬಳದ ಅಗಲ ಎಲೆ ನೆಲದ ತೇವ ಕಾಯುತ್ತದೆ. ಎಂಥ ಚೆಂದದ ಕೂಡುಬಾಳು! ನಮ್ಮ ಹುಳಿಗೆ ಬೀಳುವ ಸಿಹಿಗುಂಬಳವೂ ಅದೇ ಬಳಗದ್ದು.

ಹುರಿದ ಕುಂಬಳ ಮಾಡುವುದು ಸುಲಭ. ಒಂದಂಗುಲದ ಹೋಳುಗಳಿಗೆ ಎಣ್ಣೆ, ಉಪ್ಪು, ಕಾಳುಮೆಣಸಿನ ಪುಡಿ ಸವರಿ, 200 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಅರ್ಧ ಗಂಟೆ ಇಡಿ. ಹೋಳುಗಳನ್ನು ಬಿಡಿಬಿಡಿಯಾಗಿ ಹರಡಬೇಕು; ಒತ್ತಾಗಿದ್ದರೆ ಹಬೆಯಲ್ಲಿ ಬೆಂದು ಮೆತ್ತಗಾಗುತ್ತವೆ, ಅಂಚು ಕೆಂಪಗಾಗುವುದಿಲ್ಲ. ಓವನ್ ಇಲ್ಲದಿದ್ದರೆ ದಪ್ಪ ಕಾವಲಿ ಸಾಕು. ತಣ್ಣಗಾದರೂ ರುಚಿ ಕೆಡದು, ಆದ್ದರಿಂದ ನೆಂಟರು ಬರುವ ಮೊದಲೇ ಮಾಡಿಡಬಹುದು.

ಹಬ್ಬದ ದಿನ ಎಲ್ಲರಿಗೂ ಬಡಿಸಿ, ಮಾತುಕತೆಗೆ ಮಾತ್ರ ಸಿಗದೆ ಒಲೆಯ ಮುಂದೆಯೇ ಉಳಿಯುವ ಒಬ್ಬರು ಪ್ರತಿ ಮನೆಯಲ್ಲೂ ಇರುತ್ತಾರೆ. ಈ ಸಲ ಅವರನ್ನು ಕೈಹಿಡಿದು ಹೊರಗೆ ಕರೆತಂದು ನಿಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳಿ.