ಗಡಿಯ ಮನೆಯಲ್ಲಿ ಒಂದು ಪ್ರಾರ್ಥನೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕ್ರೈಸ್ತನೊಬ್ಬನನ್ನು ಈ ವೇದಿಕೆಗೆ ಬರಮಾಡಿಕೊಂಡು, ಅವನ ಮನೆಯ ಪ್ರಾರ್ಥನೆಯನ್ನೇ ಕುರಿತು ನಾಲ್ಕು ಮಾತು ಹೇಳಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ಇದು ಅವರ ಔದಾರ್ಯವನ್ನು ತೋರಿಸುತ್ತದೆಯೇ ಹೊರತು ನನ್ನ ಯೋಗ್ಯತೆಯನ್ನಲ್ಲ. ನಾನು ಪಂಡಿತನಲ್ಲ, ಬೋಧಕನೂ ಅಲ್ಲ. ರಾಯದುರ್ಗದ ಸೀಮೆಯಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡವನ್ನೂ ಶಾಲೆಯಲ್ಲಿ ತೆಲುಗನ್ನೂ ಕಲಿತು ಬೆಳೆದ, ಸಭೆಯ ಒಬ್ಬ ಸಾಮಾನ್ಯ ಸದಸ್ಯನು. ಆದಕಾರಣ ದೊಡ್ಡ ತತ್ತ್ವಗಳ ಗೊಡವೆಗೆ ಹೋಗದೆ, ನಮ್ಮ ಮನೆಗಳಲ್ಲಿ ಪ್ರತಿ ಸಂಜೆ ಹೇಳುವ ಒಂದು ಪ್ರಾರ್ಥನೆಯನ್ನೂ, ಅದರಲ್ಲಿನ ಮೂರು ಪದಗಳನ್ನೂ ತಮ್ಮ ಮುಂದೆ ಇಡುತ್ತೇನೆ.

ಮೊದಲು ಈ ನೆಲದ ಮಾತು. ಕನ್ನಡ ಬೈಬಲಿನ ಹುಟ್ಟಿಗೂ ನಮ್ಮ ಸೀಮೆಗೂ ಹತ್ತಿರದ ಸಂಬಂಧವುಂಟು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು ನೆಲಸಿ, ಕನ್ನಡವನ್ನು ಕಲಿತು, ಸುವಾರ್ತೆಗಳನ್ನು ಕನ್ನಡಿಸುವ ಕೆಲಸಕ್ಕೆ ಕೈಹಾಕಿದರು. ಅವರಿಗೆ ಜೊತೆಯಾದ ವಿಲಿಯಂ ರೀವ್ ಎಂಬವರು ಇಂಗ್ಲಿಷ್-ಕನ್ನಡ ನಿಘಂಟನ್ನು 1824ರಲ್ಲಿಯೂ ಕನ್ನಡ-ಇಂಗ್ಲಿಷ್ ನಿಘಂಟನ್ನು 1832ರಲ್ಲಿಯೂ ಪ್ರಕಟಿಸಿದರು. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ನಡೆದ ದುಡಿಮೆಯಿಂದ ಇಡೀ ಸತ್ಯವೇದವು ಕನ್ನಡದಲ್ಲಿ ಅಚ್ಚಾಯಿತು. ಮುಂದೆ ಅದೇ ಶತಮಾನದ ನಡುವಿನಲ್ಲಿ ಬಾಸೆಲ್ ಮಿಶನ್ನಿನ ವೈಗ್ಲೆ ಮೊದಲಾದವರು ಅದನ್ನು ತಿದ್ದಿ ಹಸನುಗೊಳಿಸಿದರು. ಪರದೇಶದಿಂದ ಬಂದವರ ಹೆಸರುಗಳು ಇತಿಹಾಸದಲ್ಲಿ ಉಳಿದಿವೆ. ಅವರ ಪಕ್ಕದಲ್ಲಿ ಕುಳಿತು ಕನ್ನಡ ಕಲಿಸಿದ ಮುನ್ಷಿಗಳನ್ನು ನೆನೆಯುವವರು ಕಡಿಮೆ. ಈ ಸಭೆಯಲ್ಲಿಯಾದರೂ ಅವರನ್ನು ಒಮ್ಮೆ ನೆನೆಯೋಣ.

ಆ ಕಾಲದಲ್ಲಿ ರಾಯದುರ್ಗ, ಆದವಾನಿ, ಆಲೂರು ಇವೆಲ್ಲವೂ ಬಳ್ಳಾರಿಯ ಬಳಗಕ್ಕೆ ಸೇರಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಈ ಮೂರು ತಾಲ್ಲೂಕುಗಳು ಆ ರಾಜ್ಯಕ್ಕೆ ಸಂದವು. ಬಳ್ಳಾರಿಯೇ ಮೊದಲಾದವು ಮೈಸೂರಿಗೆ ಸಂದವು. ಗೆರೆಯನ್ನು ಎಳೆದವರ ಮೇಲೆ ದೂರು ಹೇಳುವುದಕ್ಕೆ ನಾನು ಇಲ್ಲಿ ನಿಂತಿಲ್ಲ. ಆದರೆ ಆ ಗೆರೆಯು ಹೊಲಗಳ ನಡುವೆ ಮಾತ್ರ ಹಾದುಹೋಗಲಿಲ್ಲ. ನಮ್ಮಂಥವರ ಮನೆಗಳಲ್ಲಿ ಅಜ್ಜಿಗೂ ಮೊಮ್ಮಗನಿಗೂ ನಡುವೆ ಹಾದುಹೋಯಿತು. ಅಜ್ಜಿಯ ಪ್ರಾರ್ಥನೆ ಕನ್ನಡದ್ದು. ಮೊಮ್ಮಗನ ಅಕ್ಷರ ತೆಲುಗಿನದು. ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಕನ್ನಡ ಸತ್ಯವೇದ. ಗೋಡೆಯ ಗೂಡಿನಲ್ಲಿ ತೆಲುಗು ಸತ್ಯವೇದ. ಇದು ನಮ್ಮ ನಷ್ಟವೆಂದೇ ನಾನು ಬಹುಕಾಲ ತಿಳಿದಿದ್ದೆ. ಅದರಲ್ಲಿ ಒಂದು ಲಾಭವೂ ಅಡಗಿತ್ತೆಂದು ನನಗೆ ತೋರಿಸಿಕೊಟ್ಟದ್ದು ನಾನು ಹೇಳಹೊರಟಿರುವ ಪ್ರಾರ್ಥನೆಯೇ.

ಕರ್ತನ ಪ್ರಾರ್ಥನೆಯೆಂದು ನಾವು ಕರೆಯುವುದು ಯೇಸುಸ್ವಾಮಿಯು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ. ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಅದು ದೀರ್ಘವಾಗಿಯೂ, ಲೂಕನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಸಂಕ್ಷೇಪವಾಗಿಯೂ ಬಂದಿದೆ. ಅದನ್ನು ಹೇಳಿ ಮುಗಿಸುವುದಕ್ಕೆ ಒಂದು ನಿಮಿಷ ಸಾಕು. ತಿಳಿದುಕೊಳ್ಳುವುದಕ್ಕೆ ಒಂದು ಜನ್ಮ ಸಾಲದು.

ಮೊದಲನೆಯ ಪದ ಆಹಾರವನ್ನು ಬೇಡುವ ಕಡೆ ಬರುವ ‘ಅನುದಿನ’ ಎಂಬುದು. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಈ ಪದವೇ ಇದೆ. ಇಲ್ಲಿ ಏನೂ ಸಂದೇಹವಿಲ್ಲವೆಂದು ನಮಗೆ ತೋರುತ್ತದೆ. ಆದರೆ ಮೂಲದ ಗ್ರೀಕು ಭಾಷೆಯಲ್ಲಿರುವ ಪದವು ಬಹು ಅಪೂರ್ವವಾದುದು. ಹೊಸ ಒಡಂಬಡಿಕೆಯಲ್ಲಿ ಅದು ಈ ಪ್ರಾರ್ಥನೆಯ ಎರಡು ಪಾಠಗಳಲ್ಲಲ್ಲದೆ ಮತ್ತೆಲ್ಲಿಯೂ ಬರುವುದಿಲ್ಲ. ಮೂರನೆಯ ಶತಮಾನದ ಒರಿಗೆನ್ ಎಂಬ ವಿದ್ವಾಂಸನೇ, ಗ್ರೀಕು ತನ್ನ ಮಾತಾಗಿದ್ದರೂ, ಜನರ ಬಳಕೆಯಲ್ಲಿ ಈ ಪದವನ್ನು ತಾನು ಕಂಡಿಲ್ಲವೆಂದು ಹೇಳಿದ್ದಾನೆ. ಲತೀನಿಗೆ ಅನುವಾದಿಸಿದ ಜೆರೋಮನು ಲೂಕನಲ್ಲಿ ‘ದಿನದಿನದ’ ಎಂಬ ಅರ್ಥವನ್ನಿಟ್ಟು, ಮತ್ತಾಯನಲ್ಲಿ ಲೌಕಿಕ ಅನ್ನವನ್ನು ಮೀರಿದ ಆಹಾರವೆಂಬ ಅರ್ಥವನ್ನು ಇಟ್ಟನು. ಇಬ್ರಿಯರ ಸುವಾರ್ತೆಯೆಂಬ ಹಳೆಯ ಗ್ರಂಥವೊಂದರಲ್ಲಿ ‘ನಾಳೆಯ’ ಎಂಬ ಪದವಿತ್ತೆಂದೂ ಅವನೇ ಬರೆದಿಟ್ಟಿದ್ದಾನೆ.

ಇಂದಿನದೋ, ನಾಳೆಯದೋ, ಜೀವಕ್ಕೆ ಬೇಕಾದಷ್ಟೋ, ಆತ್ಮದ ಆಹಾರವೋ? ಪಂಡಿತರು ಇನ್ನೂ ಚರ್ಚಿಸುತ್ತಿದ್ದಾರೆ. ಚರ್ಚಿಸಲಿ. ನಮ್ಮ ಸೀಮೆಯ ಕೂಲಿಯವನಿಗೆ ಮಾತ್ರ ಈ ಪದದ ಒಂದು ಅರ್ಥವು ನಿಘಂಟಿಲ್ಲದೆಯೇ ತಿಳಿದಿದೆ. 1876ರಿಂದ 1878ರವರೆಗೆ ಬಳ್ಳಾರಿ ಸೀಮೆಯನ್ನು ಸುಟ್ಟ ಕ್ಷಾಮವು ಹಲವು ತಲೆಮಾರುಗಳ ನೆನಪಿನಲ್ಲಿ ಉಳಿದ ನಾಡು ಇದು. ಮಳೆ ಕೈಕೊಟ್ಟ ವರ್ಷ ಜೋಳದ ರೊಟ್ಟಿ ತಟ್ಟುವ ಸದ್ದು ಕೇಳದ ಮನೆಗಳಿದ್ದವು. ಅಂಥ ಮನೆಯಲ್ಲಿ ನಿಂತು ಇಂದಿನ ಆಹಾರವನ್ನು ಬೇಡುವವನು ಅಲಂಕಾರದ ಮಾತನ್ನು ಆಡುತ್ತಿಲ್ಲ. ವಿಮೋಚನಕಾಂಡದಲ್ಲಿ ಮರುಭೂಮಿಯ ಜನರಿಗೆ ದೊರೆತ ಮನ್ನವನ್ನು ನಾಳೆಗೆಂದು ಕೂಡಿಟ್ಟಾಗ ಅದು ಹುಳ ಬಿದ್ದು ನಾರಿತೆಂಬ ಕಥೆಯುಂಟು. ಉಳ್ಳವನಿಗೆ ಈ ಪದವು ಕೂಡಿಡಬೇಡವೆನ್ನುತ್ತದೆ. ಇಲ್ಲದವನಿಗೆ ಕೇಳುವುದಕ್ಕೆ ನಾಚಬೇಡವೆನ್ನುತ್ತದೆ. ಒಂದೇ ಪದ, ಎರಡು ಮನೆಗಳಲ್ಲಿ ಎರಡು ಬಗೆಯಾಗಿ ಕೇಳಿಸುತ್ತದೆ.

ಎರಡನೆಯ ಪದಕ್ಕೆ ಬರುತ್ತೇನೆ. ನನ್ನ ಮಾತಿನ ತಿರುಳು ಇಲ್ಲಿದೆ.

ಕ್ಷಮೆಯನ್ನು ಬೇಡುವ ಕಡೆ ನಾವು ಬಹುಕಾಲದಿಂದ ಹೇಳಿಕೊಂಡು ಬಂದ ಕನ್ನಡ ಪಾಠದಲ್ಲಿ ‘ತಪ್ಪು’ ಎಂದಿದೆ. ತೆಲುಗು ಪಾಠದಲ್ಲಿ ‘ಋಣ’ ಎಂದಿದೆ. ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಒಂದು ಸಂಜೆ, ಹೊಸದಾಗಿ ಬಾಯಿಪಾಠ ಮಾಡಿದ್ದ ತೆಲುಗು ಪ್ರಾರ್ಥನೆಯನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿದೆ. ಅಜ್ಜಿ ನಡುವೆಯೇ ತಡೆದು, ‘ಏನಂದೆ? ಋಣ ಅಂದೆಯಾ?’ ಎಂದು ಕೇಳಿದಳು. ಹೌದೆಂದೆ. ಅವಳು ನನ್ನ ತಂದೆಯ ಕಡೆಗೆ ತಿರುಗಿ, ‘ನಮ್ಮ ಪುಸ್ತಕದಾಗ ತಪ್ಪು ಅಂತ ಐತಿ. ಅವರ ಪುಸ್ತಕದಾಗ ಸಾಲ ಅಂತ ಐತಂತೆ. ಯಾವುದು ದಿಟ, ಮಗನೆ?’ ಎಂದಳು.

ತಂದೆಯವರು ಉತ್ತರ ಕೊಡಲಿಲ್ಲ. ಆ ಹೊತ್ತಿಗೆ ನೆರೆಮನೆಯ ರೈತರೊಬ್ಬರು ನಮ್ಮಿಂದ ಸಾಲ ಪಡೆದು ಎರಡು ವರ್ಷಗಳಾಗಿದ್ದವು. ಎರಡು ವರ್ಷವೂ ಮಳೆಯಿಲ್ಲದೆ ಕಡಲೆಕಾಯಿ ಕೈಗೆ ಬಂದಿರಲಿಲ್ಲ. ಅವರು ಬರೆದುಕೊಟ್ಟ ಪತ್ರವು ಸತ್ಯವೇದವಿದ್ದ ಪೆಟ್ಟಿಗೆಯಲ್ಲಿಯೇ ಇತ್ತು, ಬಡ್ಡಿ ಬೆಳೆಯುತ್ತಿತ್ತು. ತಂದೆಯವರು ಅವರ ಮೇಲೆ ಕೋಪವಿಟ್ಟುಕೊಂಡವರಲ್ಲ. ಪ್ರತಿ ಸಂಜೆಯೂ ಎಲ್ಲರ ತಪ್ಪನ್ನೂ ಮನಸಾರೆ ಕ್ಷಮಿಸುತ್ತಿದ್ದರು. ‘ತಪ್ಪು’ ಎಂಬ ಪದವು ಆ ಪತ್ರವನ್ನು ಮುಟ್ಟಿರಲಿಲ್ಲ. ‘ಋಣ’ ಎಂಬ ಪದವು ನೇರವಾಗಿ ಹೋಗಿ ಅದರ ಮೇಲೆ ಕೈಯಿಟ್ಟಿತು.

ಭಾನುವಾರ ತಂದೆಯವರು ಸಭಾಪಾಲಕರನ್ನು ಕೇಳಿದರು. ಆ ಹಿರಿಯರು ಬಿಡಿಸಿ ಹೇಳಿದ್ದು ಇಷ್ಟು: ಮತ್ತಾಯನ ಗ್ರೀಕು ಪದಕ್ಕೆ ಸಾಲವೆಂದೇ ನೇರ ಅರ್ಥ. ಲೂಕನು ಮೊದಲು ಪಾಪವೆಂದು ಹೇಳಿ, ಅದೇ ಉಸಿರಿನಲ್ಲಿ ನಮಗೆ ಸಾಲಗಾರರಾದವರ ಮಾತನ್ನು ತರುತ್ತಾನೆ. ಯೇಸುವು ಆಡಿದ ಅರಾಮ್ಯ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಪದವಿತ್ತು. ಕನ್ನಡದವರೂ ತಪ್ಪು ಮಾಡಲಿಲ್ಲ, ತೆಲುಗಿನವರೂ ತಪ್ಪು ಮಾಡಲಿಲ್ಲ; ಒಂದು ನಾಣ್ಯದ ಒಂದೊಂದು ಮುಖವನ್ನು ಒಬ್ಬೊಬ್ಬರು ಹಿಡಿದರು. ಧರ್ಮೋಪದೇಶಕಾಂಡದ ಹದಿನೈದನೆಯ ಅಧ್ಯಾಯದಲ್ಲಿ ಏಳನೆಯ ವರ್ಷಕ್ಕೊಮ್ಮೆ ಸಾಲವನ್ನು ಬಿಟ್ಟುಕೊಡಬೇಕೆಂಬ ವಿಧಿಯುಂಟು. ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿ, ಹತ್ತು ಸಾವಿರ ತಲಾಂತಿನ ಸಾಲವನ್ನು ಅರಸನಿಂದ ಬಿಡಿಸಿಕೊಂಡ ಆಳೊಬ್ಬನು ನೂರು ದಿನಾರಿಗಾಗಿ ಜೊತೆಯಾಳಿನ ಕುತ್ತಿಗೆ ಹಿಡಿದ ಸಾಮ್ಯವುಂಟು. ಒಂದು ದಿನಾರಿ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಲೆಕ್ಕ ಹಾಕಿದರೆ ಅವನಿಗೆ ಬಿಟ್ಟದ್ದು ಅವನು ಬಿಡದೆ ಹೋದದ್ದರ ಆರು ಲಕ್ಷ ಪಟ್ಟು.

ತಂದೆಯವರು ಮನೆಗೆ ಬಂದು ಪತ್ರವನ್ನು ಹರಿದುಹಾಕಿದರೆಂದು ಹೇಳಿದರೆ ಕಥೆ ಚೆನ್ನಾಗಿರುತ್ತಿತ್ತು. ಹಾಗಾಗಲಿಲ್ಲ. ನಮ್ಮದೂ ಬಡತನದ ಸಂಸಾರವೇ. ಅವರು ಬಡ್ಡಿಯನ್ನು ಬಿಟ್ಟರು. ಅಸಲಿಗೆ ಅವಧಿಯನ್ನು ಕೊಟ್ಟರು. ನೆರೆಯವರು ನಾಲ್ಕು ವರ್ಷಗಳಲ್ಲಿ ಅದನ್ನು ತೀರಿಸಿದರು. ಅಸಲನ್ನೂ ಬಿಡಬೇಕಾಗಿತ್ತೆ ಎಂಬ ಪ್ರಶ್ನೆಯು ತಂದೆಯವರನ್ನು ಕೊನೆಯವರೆಗೂ ಬಿಡಲಿಲ್ಲ. ಆ ಪದ ಬಂದಾಗಲೆಲ್ಲ ಅವರ ದನಿ ತುಸು ತಗ್ಗುತ್ತಿತ್ತು. ಈಗ ನನ್ನ ದನಿಯೂ ತಗ್ಗುತ್ತದೆ. ಶಾಸ್ತ್ರಾರ್ಥವೆಂದರೆ ಇದೇ ಎಂದು ನನ್ನ ಭಾವನೆ: ನಾವು ಗ್ರಂಥಕ್ಕೆ ಅರ್ಥ ಹೇಳಲು ಹೊರಡುತ್ತೇವೆ, ಗ್ರಂಥವು ನಮ್ಮ ಪೆಟ್ಟಿಗೆಯನ್ನು ತೆರೆಸುತ್ತದೆ.

ಮೂರನೆಯದು ಎಲ್ಲಕ್ಕಿಂತ ಚಿಕ್ಕ ಪದ: ‘ನಮ್ಮ’. ದೇವರನ್ನು ನನ್ನ ತಂದೆಯೆಂದು ಕರೆಯಲು ಈ ಪ್ರಾರ್ಥನೆಯು ಕಲಿಸುವುದಿಲ್ಲ. ನಮ್ಮ ತಂದೆಯೆಂದು ಕರೆಯಲು ಕಲಿಸುತ್ತದೆ. ಗಡಿಯಲ್ಲಿರುವ ನಮಗೆ ಇಲ್ಲೊಂದು ಸ್ವಾರಸ್ಯವು ಕಾಣುತ್ತದೆ. ನಮ್ಮ ನೆರೆಯ ಭಾಷೆಗಳಲ್ಲಿ ‘ನಾವು’ ಎಂಬುದಕ್ಕೆ ಎರಡು ರೂಪಗಳುಂಟು: ಕೇಳುವವನನ್ನು ಸೇರಿಸಿಕೊಂಡದ್ದು ಒಂದು, ಬಿಟ್ಟದ್ದು ಇನ್ನೊಂದು. ತೆಲುಗಿನಲ್ಲಿ ‘ಮನ’, ‘ಮಾ’. ತಮಿಳು, ಮಲಯಾಳ, ಮರಾಠಿಗಳಲ್ಲಿಯೂ ಈ ಭೇದವಿದೆ. ಪ್ರಾರ್ಥನೆಯನ್ನು ಕೇಳುವವನು ದೇವರಾದುದರಿಂದ, ಆ ಭಾಷೆಗಳವರು ವ್ಯಾಕರಣಕ್ಕೆ ಅನುಸಾರವಾಗಿ, ಕೇಳುವವನನ್ನು ಬಿಟ್ಟ ರೂಪವನ್ನೇ ಬಳಸುತ್ತಾರೆ. ಕನ್ನಡದಲ್ಲಿ ಈ ಭೇದವಿಲ್ಲ. ಗ್ರೀಕಿನಲ್ಲಿಯೂ ಇಲ್ಲ. ಆದುದರಿಂದ ಕನ್ನಡದಲ್ಲಿ ‘ನಮ್ಮ’ ಎಂದವನು ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ತಾನೇ ತೀರ್ಮಾನಿಸಬೇಕಾಗುತ್ತದೆ.

ನನ್ನ ಅಜ್ಜಿ ಅಕ್ಷರ ಕಲಿತವಳಲ್ಲ. ಆದರೆ ಪ್ರಾರ್ಥನೆ ಮುಗಿದ ಮೇಲೆ ಅವಳು ಬೆರಳು ಮಡಿಸಿ ಎಣಿಸುತ್ತಿದ್ದಳು: ಮನೆಯವರು, ಬೀದಿಯವರು, ಕಾಯಿಲೆಯಲ್ಲಿದ್ದ ಗಾಣದವರ ಹುಡುಗಿ, ಸಾಲ ಪಡೆದವರು, ಬದುವಿನ ಜಗಳದಲ್ಲಿ ನಮ್ಮ ಮೇಲೆ ಫಿರ್ಯಾದು ಮಾಡಿದವರು. ಅವರಲ್ಲಿ ಕ್ರೈಸ್ತರಲ್ಲದವರೇ ಹೆಚ್ಚು; ಕನ್ನಡ ಬಾರದವರೂ ಇದ್ದರು. ಅವಳ ‘ನಮ್ಮ’ ಅಷ್ಟು ದೊಡ್ಡದಾಗಿತ್ತು. ವ್ಯಾಕರಣದಿಂದ ಸಿದ್ಧಾಂತವನ್ನು ಕಟ್ಟಬಾರದೆಂದು ನಾನು ಬಲ್ಲೆ. ತೆಲುಗಿನವರ ‘ಮಾ’ ಚಿಕ್ಕದು, ನಮ್ಮ ‘ನಮ್ಮ’ ದೊಡ್ಡದು ಎಂದು ಹೊಗಳಿಕೊಂಡರೆ ಅದು ಪ್ರಾರ್ಥನೆಯಾಗಲಾರದು, ಜಂಭವಾದೀತು. ಭಾಷೆಯು ಬಾಗಿಲನ್ನು ತೆರೆದಿಡಬಹುದು; ನೆರೆಯವನನ್ನು ಒಳಕ್ಕೆ ಕರೆಯಬೇಕಾದವರು ನಾವೇ.

ಬಂಧುಗಳೆ, ಗ್ರಂಥಕ್ಕೆ ಅರ್ಥ ಹೇಳುವುದು ಅಪಾಯದ ಕೆಲಸವೂ ಹೌದು. ಮತ್ತಾಯನ ನಾಲ್ಕನೆಯ ಅಧ್ಯಾಯದಲ್ಲಿ ಸೈತಾನನೇ ಕೀರ್ತನೆಯ ಮಾತನ್ನೆತ್ತಿ ಯೇಸುವನ್ನು ಮರುಳುಗೊಳಿಸಲು ನೋಡುತ್ತಾನೆ. ಶಾಸ್ತ್ರವಾಕ್ಯವನ್ನು ಉದ್ಧರಿಸಿದ ಮಾತ್ರಕ್ಕೆ ಮಾತು ಸತ್ಯವಾಗುವುದಿಲ್ಲ. ಆದುದರಿಂದ ನಮ್ಮ ಹಿರಿಯರು ಮೂರು ಅಭ್ಯಾಸಗಳನ್ನು ಇಟ್ಟುಕೊಂಡಿದ್ದರು. ಒಂದು ವಾಕ್ಯವನ್ನು ಓದುವುದಕ್ಕೆ ಮೊದಲು ಇಡೀ ಅಧ್ಯಾಯವನ್ನು ಓದುವುದು ಮೊದಲನೆಯದು. ತಾವು ಕಂಡ ಅರ್ಥವನ್ನು ಇನ್ನೊಬ್ಬರ ಮುಂದಿಟ್ಟು, ಅವರು ಅಕ್ಷರಸ್ಥರಲ್ಲದಿದ್ದರೂ ಅವರ ಮಾತನ್ನು ಕೇಳುವುದು ಎರಡನೆಯದು. ಆ ಅರ್ಥವು ಮೊದಲು ನನ್ನನ್ನು ತಿದ್ದುತ್ತದೆಯೋ, ಇಲ್ಲವೆ ಇನ್ನೊಬ್ಬನನ್ನು ಹೊಡೆಯುವುದಕ್ಕೆ ನನ್ನ ಕೈಗೆ ಕೋಲಾಗುತ್ತದೆಯೋ ಎಂದು ನೋಡಿಕೊಳ್ಳುವುದು ಮೂರನೆಯದು. ಇದಕ್ಕೆ ಗಡಿನಾಡಿನವರು ನಾಲ್ಕನೆಯದೊಂದನ್ನು ಸೇರಿಸಬಹುದು: ಎರಡು ಭಾಷೆಗಳ ಗ್ರಂಥಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವುದು. ಅವು ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿ ನಿಲ್ಲಬೇಕು. ಅಲ್ಲಿ ಅನುವಾದಕನೊಬ್ಬನು ತೂಗಿ ನೋಡಿ ಒಂದು ದಾರಿಯನ್ನು ಹಿಡಿದಿದ್ದಾನೆ. ನಾವೂ ತೂಗಿ ನೋಡಬೇಕು. ಒಂದೇ ಭಾಷೆಯಲ್ಲಿ ಓದುವವನಿಗೆ ಈ ನಿಲುಗಡೆ ದೊರೆಯುವುದಿಲ್ಲ.

ಆದರೆ ಪಕ್ಕದಲ್ಲಿಡುವುದಕ್ಕೆ ಎರಡೂ ಇರಬೇಕಲ್ಲವೆ? ನನ್ನ ಅಳಲು ಇಲ್ಲಿದೆ. ಇಂದು ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡದಲ್ಲಿ ಮಾತನಾಡುತ್ತಾರೆ, ಕನ್ನಡದಲ್ಲಿ ಪ್ರಾರ್ಥಿಸುತ್ತಾರೆ, ಕನ್ನಡವನ್ನು ಓದಲಾರರು. ಕನ್ನಡ, ತೆಲುಗು ಲಿಪಿಗಳು ಅಕ್ಕತಂಗಿಯರು. ಒಂದನ್ನು ಬಲ್ಲವನು ಕೆಲವೇ ವಾರಗಳಲ್ಲಿ ಮತ್ತೊಂದನ್ನು ಓದಬಲ್ಲನು. ಕಲಿಸುವವರು ಮಾತ್ರ ಇಲ್ಲ. ಪೆಟ್ಟಿಗೆಯ ಪುಸ್ತಕವನ್ನು ಓದುವವರಿಲ್ಲದೆ ಹೋದರೆ, ಅಜ್ಜಿಯ ಪ್ರಶ್ನೆಯನ್ನು ಕೇಳುವವರೂ ಇಲ್ಲದೆ ಹೋಗುತ್ತಾರೆ.

ಆದುದರಿಂದ ಸಂಘದವರಲ್ಲಿ ನನ್ನ ವಿನಂತಿ ಎರಡು. ವಾರಕ್ಕೊಂದು ಸಂಜೆ, ಮತಭೇದವಿಲ್ಲದೆ, ಎಲ್ಲ ಮಕ್ಕಳಿಗೂ ಕನ್ನಡ ಅಕ್ಷರವನ್ನು ಕಲಿಸುವ ಏರ್ಪಾಡಾಗಲಿ. ಪುಸ್ತಕವು ಅವರವರ ಮನೆಯದಾಗಲಿ: ವಚನವಾಗಲಿ, ದಾಸರ ಪದವಾಗಲಿ, ಸುವಾರ್ತೆಯಾಗಲಿ. ಎರಡನೆಯದಾಗಿ, ಅಕ್ಷರವಿಲ್ಲದ ನಮ್ಮ ಹಿರಿಯರು ತಮ್ಮ ಸ್ವಂತ ಮಾತಿನಲ್ಲಿ ಹೇಳುವ ಪ್ರಾರ್ಥನೆಗಳನ್ನು, ಯಾವ ಮತದವೇ ಆಗಲಿ, ಅವರು ಇರುವಾಗಲೇ ಬರೆದಿಡೋಣ. ಅಜ್ಜಿಯ ಎಣಿಕೆಯನ್ನು ನಾನು ಬರೆದಿಡಲಿಲ್ಲ. ಬೆರಳು ಮಡಿಸಿದ್ದು ನೆನಪಿದೆ. ಹೆಸರುಗಳಲ್ಲಿ ಅರ್ಧವನ್ನು ಮರೆತಿದ್ದೇನೆ.