ಈರಣ್ಣನ ದನಿ ಮತ್ತು ಎರಡು ಏಟು



ಹಳೆಯ ವಿದ್ಯಾರ್ಥಿಗಳ ಪರವಾಗಿ ನಾಲ್ಕು ಮಾತಾಡಬೇಕೆಂದು ಹೇಳಿದ್ದಾರೆ. ಶಾಲೆಯ ಸಾಧನೆಯ ಬಗ್ಗೆ ಬೇರೆಯವರು ಮಾತಾಡಿದ್ದಾರೆ. ನಾನು ರೇಡಿಯೋ ವಿಷಯ ಹೇಳುತ್ತೇನೆ.

ನಾನು 1978ರಲ್ಲಿ ಇಲ್ಲಿ ಎಂಟನೇ ತರಗತಿಗೆ ಸೇರಿದೆ. ಆ ವರ್ಷ ನಮ್ಮಪ್ಪ ತಿಪಟೂರಿನಲ್ಲಿ ಕೊಬ್ಬರಿ ಮಾರಿ ಒಂದು ರೇಡಿಯೋ ತಂದರು. ಅದಕ್ಕೆ ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ದುಡ್ಡು ಕಟ್ಟಬೇಕಿತ್ತು. ಪ್ರದೇಶ ಸಮಾಚಾರ, ಕೃಷಿರಂಗ ಬಿಟ್ಟು ಬೇರೆ ಯಾವುದಕ್ಕೂ ಶೆಲ್ಲು ಸವೆಸಬಾರದು ಅಂತ ಅಪ್ಪನ ಆಜ್ಞೆ. ಶೆಲ್ಲು ಸೋತರೆ ಬಿಸಿಲಿಗಿಟ್ಟು ಮತ್ತೆ ಹಾಕುತ್ತಿದ್ದೆವು. ಆಕಾಶವಾಣಿ ಎಂಬ ಹೆಸರು ಬಳಕೆಗೆ ಬಂದದ್ದೇ ನಮ್ಮ ಮೈಸೂರಿನಲ್ಲಿ, 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದಾಗ. ಇದನ್ನು ನಮಗೆ ಹೇಳಿದ್ದು ಸಮಾಜ ಪಾಠದ ಮೇಷ್ಟ್ರು.

ನಮಗೆ ಹುಚ್ಚು ಹಿಡಿಸಿದವನು ಬೆಂಗಳೂರು ಆಕಾಶವಾಣಿಯ ಈರಣ್ಣ. ಆ ಪಾತ್ರಕ್ಕೆ ಜೀವ ತುಂಬಿದವರು ಎ.ಎಸ್. ಮೂರ್ತಿ. ಮುಂದೆ ಬೆಂಗಳೂರಿನಲ್ಲಿ 'ಅಭಿನಯ ತರಂಗ' ನಾಟಕ ಶಾಲೆ ಕಟ್ಟಿದವರೂ ಅವರೇ. ಅವರ ಮುಖ ನಾವು ಕಂಡಿರಲಿಲ್ಲ. ದನಿ ಕೇಳಿಯೇ ಈರಣ್ಣನಿಗೆ ಒಂದು ಮುಖ, ಒಂದು ಪಂಚೆ, ಒಂದು ನಡಿಗೆ ಎಲ್ಲ ಮಾಡಿಕೊಂಡಿದ್ದೆವು.

ನನ್ನ ಬೆಂಚಿನ ಗೆಳೆಯನ ಮನೆಯಲ್ಲಿ ರೇಡಿಯೋ ಇರಲಿಲ್ಲ. ಅವನು ನಮ್ಮ ಜಗಲಿಯಲ್ಲಿ ಕೂತು ಒಂದು ಸಲ ಕೇಳಿದರೆ ಸಾಕು, ಮಾರನೆಯ ದಿನ ಹುಣಸೆಮರದ ಕೆಳಗೆ ಈರಣ್ಣನೇ ಬಂದ ಹಾಗಾಗುತ್ತಿತ್ತು. ಹುಡುಗಿಯರು ಕೂಡ ಕಿಟಕಿಯಲ್ಲಿ ನಿಂತು ನಗುತ್ತಿದ್ದರು.

ಹತ್ತನೇ ತರಗತಿಯ ಶಾಲಾ ವಾರ್ಷಿಕೋತ್ಸವಕ್ಕೆ ನಾನು ಒಂದು ಪ್ರಹಸನ ಬರೆದೆ: ಈರಣ್ಣ ನಮ್ಮ ಶಾಲೆ ತಪಾಸಣೆಗೆ ಬರುತ್ತಾನೆ, ಸೋರುವ ಕೊಠಡಿ ನೋಡಿ ಹೆಡ್‌ಮೇಷ್ಟ್ರಿಗೆ ಕೊಡೆ ಕೊಡುತ್ತಾನೆ. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಹೆಡ್‌ಮೇಷ್ಟ್ರು ಮಾತ್ರ ನಗಲಿಲ್ಲ. ಮಾರನೆಯ ದಿನ ಪ್ರಾರ್ಥನೆಯಲ್ಲಿ "ಯಾವನೋ ಇದನ್ನ ಬರೆದೋನು?" ಅಂದರು. ನಾನು ತಲೆ ತಗ್ಗಿಸಿದೆ. ಗೆಳೆಯ ಮುಂದೆ ಹೋಗಿ "ನಾನೇ ಸಾರ್" ಅಂದ. ಎರಡು ಏಟು ಬಿತ್ತು.

ಮನೆಗೆ ಹೋಗುವಾಗ ಅವನು ಹೇಳಿದ್ದು ಇಷ್ಟೇ: "ನಿಮ್ಮಪ್ಪನಿಗೆ ಗೊತ್ತಾದ್ರೆ ರೇಡಿಯೋ ಹಾಕೋದೇ ನಿಲ್ಲಿಸ್ತಾರೆ ಕಣೋ."

ಅವನು ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟ. ನಾನು ಓದಿ ಊರು ಬಿಟ್ಟೆ. ಬರೆದು ನಾಲ್ಕು ಜನರ ಹತ್ತಿರ ಶಹಬ್ಬಾಸ್ ಅನ್ನಿಸಿಕೊಂಡಾಗಲೆಲ್ಲ ಆ ಎರಡು ಏಟು ನೆನಪಾಗುತ್ತವೆ.

ಗುರುಗಳೇ, ಆ ಪ್ರಹಸನ ಬರೆದವನು ನಾನು. ಅಂದು ಇದೇ ಅಂಗಳದಲ್ಲಿ ಹೇಳಬೇಕಾಗಿದ್ದ ಮಾತು ಇದು. ಗೆಳೆಯ ಮೂರನೇ ಸಾಲಿನಲ್ಲಿ ಮೊಮ್ಮಗಳನ್ನು ಕೂರಿಸಿಕೊಂಡಿದ್ದಾನೆ. ಆ ಹುಡುಗಿ ಈಗ ಇದೇ ಶಾಲೆಯಲ್ಲಿ ಎಂಟನೇ ತರಗತಿ. ಅಮ್ಮಣ್ಣಿ, ನಿಮ್ಮ ತಾತ ಯಾರೆಂದು ನಿನಗೆ ಗೊತ್ತಿರಲಿ.

ಬಾರಪ್ಪಾ, ಮೈಕು ಇಲ್ಲಿದೆ. ಇನ್ನೊಂದು ಸಲ ಆ ದನಿ ತೆಗೆ.