ಭಯದ ಹೊತ್ತಿನಲ್ಲಿ ಅಲ್ಲಾಹನ ಆಸರೆ

(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣ)



ನಾವೆಲ್ಲ ಘಟಪ್ರಭೆಯ ನೀರು ಕುಡಿದು ಬೆಳೆದವರು. 2019ರ ಆಗಸ್ಟ್‌ನಲ್ಲಿ ಅದೇ ಹೊಳೆ ನಮ್ಮ ಮನೆಗಳೊಳಗೆ ಬಂತು. ಘಟ್ಟದಲ್ಲಿ ಮಳೆ ನಿಲ್ಲಲಿಲ್ಲ. ಹಿಡಕಲ್ ಜಲಾಶಯದಿಂದ ನೀರು ಬಿಡಬೇಕಾಯಿತು. ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳೂ ತುಂಬಿ ಬಂದವು. ಲೋಳಸೂರ ಸೇತುವೆ ಮುಳುಗಿತು. ಆಗಸ್ಟ್ 12ರಂದು ಬಕ್ರೀದ್. ಎಷ್ಟೋ ಮನೆಯವರಿಗೆ ಆ ವರ್ಷದ ಹಬ್ಬ ಗಂಜಿ ಕೇಂದ್ರದಲ್ಲೇ ಆಯಿತು.

ನೀರು ಇಳಿದ ಮೇಲೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದರು. ಕೈಯಲ್ಲಿ ಕೆಸರು ಹತ್ತಿದ ಒಂದು ಚೀಲ. "ಮಾರ್ಕ್ಸ್ ಕಾರ್ಡ್ ಸೈತ ಹೊಳಿ ಪಾಲಾತ್ರಿ ಸರ. ಇನ್ನ ಇಕಿ ಓದೂದು ಸಾಕ್ರಿ" ಅಂದರು. ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ಅರ್ಜಿ ಹಾಕಿದರೆ ಅಂಕಪಟ್ಟಿಯ ಇನ್ನೊಂದು ಪ್ರತಿ ಸಿಗುತ್ತದೆ ಎಂದು ನಾವು ಹೇಳಿದೆವು. ಆ ತಾಯಿ ನಂಬಲಿಲ್ಲ. ಹೊಳೆ ಒಯ್ದದ್ದು ಕಾಗದವನ್ನು ಮಾತ್ರ. ಭಯ ಓದನ್ನೇ ಒಯ್ಯುವುದರಲ್ಲಿತ್ತು.

ಬಕ್ರೀದ್ ನೆನಪಿಸುವ ಮನೆತನದಲ್ಲೂ ಒಬ್ಬ ತಾಯಿ ಇದ್ದರು. ಹಝ್ರತ್ ಹಾಜಿರಾ. ನೀರಿಲ್ಲದ ಕಣಿವೆ, ಬಾಯಾರಿ ಅಳುವ ಕೂಸು. ಅವರಿಗೆ ಭಯ ಇರಲಿಲ್ಲವೇ? ಇತ್ತು. ಆದರೂ ಕೈಕಟ್ಟಿ ಕೂಡಲಿಲ್ಲ. ಸಫಾ, ಮರ್ವಾ ಬೆಟ್ಟಗಳ ನಡುವೆ ಏಳು ಸಲ ಓಡಾಡಿದರು. ನೀರು ಅವರು ಹುಡುಕಿದ ಬೆಟ್ಟದ ಮೇಲೆ ಸಿಗಲಿಲ್ಲ; ಬಿಟ್ಟು ಬಂದ ಕೂಸಿನ ಹತ್ತಿರ ಚಿಮ್ಮಿತು. ಹಾಗೆಂದು ಆ ಓಟ ವ್ಯರ್ಥವಾಯಿತೇ? ಇಂದಿಗೂ ಹಜ್ಜಿಗೆ ಹೋದವರೆಲ್ಲ ಅವರ ಹೆಜ್ಜೆಯಲ್ಲೇ ನಡೆಯುತ್ತಾರೆ. ಓಡುವುದು ನಮ್ಮ ಪಾಲು, ನೀರು ಎಲ್ಲಿಂದ ಬರಬೇಕೆಂಬುದು ಅಲ್ಲಾಹನ ನಿರ್ಧಾರ. ಒಂಟೆಯನ್ನು ಕಟ್ಟು, ಆಮೇಲೆ ಭರವಸೆ ಇಡು ಎಂದು ಪ್ರವಾದಿಯವರು (ಸ) ಕಲಿಸಿದ ತವಕ್ಕುಲ್ ಇದೇ.

ಆ ಹುಡುಗಿಗೂ ನೆರವು ತಾಯಿ ನೆನೆಸದ ಕಡೆಯಿಂದ ಬಂತು. ಒಬ್ಬರು ಶುಲ್ಕ ಕಟ್ಟಿದರು, ಓಣಿಯ ಲಿಂಗಾಯತ ನೆರೆಯವರು ತಮ್ಮ ಮಗಳ ಪುಸ್ತಕ ಕೊಟ್ಟರು, ಶಾಲೆಯವರು ಅಂಕಪಟ್ಟಿ ತರಿಸಿಕೊಟ್ಟರು. ಓದು ನಿಲ್ಲಲಿಲ್ಲ, ಅಲ್‌ಹಮ್ದುಲಿಲ್ಲಾಹ್.

ದಾನಿಗಳೇ, ರಿಝ್ಕ್ ಕೊಡುವವನು ಅಲ್ಲಾಹ್. ಅದು ಸಾಗಿ ಬರುವ ಕಾಲುವೆ ನಿಮ್ಮ ಕೈ. ಝಕಾತ್ ಎಂದರೆ ನೂರಕ್ಕೆ ಎರಡೂವರೆ ರೂಪಾಯಿಯ ಲೆಕ್ಕವಷ್ಟೇ ಅಲ್ಲ. ಅದು ಕೇಳುವವರ, ಕೇಳಲು ನಾಚುವವರ ಹಕ್ಕು. ಕೇಳದೆ ಕೂತವರ ಮನೆಯನ್ನು ನೀವೇ ನಮಗೆ ತೋರಿಸಿಕೊಡಿ.

ಪಾಲಕರೇ, ಅರ್ಜಿ ಹಾಕಲು ಅಂಜಬೇಡಿ. ಕಾಗದ ಕಡಿಮೆ ಬಿದ್ದರೆ ಮನೆಯಲ್ಲಿ ಕೂಡಬೇಡಿ, ಇದ್ದಷ್ಟು ತನ್ನಿ. ಉಳಿದದ್ದನ್ನು ಕೂಡಿಯೇ ಹುಡುಕೋಣ. ಸರ್ಕಾರದ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಿರಿ. ಮಕ್ಕಳೇ, ಒಂದು ಪರೀಕ್ಷೆಯಲ್ಲಿ ಬಿದ್ದರೆ ಅದು ಒಂದು ಸುತ್ತು ಮಾತ್ರ. ಹಾಜಿರಾ ಏಳು ಸುತ್ತು ಓಡಿದರು.

ಅಲ್ಲಾಹನು ನಮ್ಮ ಭಯವನ್ನು ಭರವಸೆಯಾಗಿಸಲಿ, ಕೊಟ್ಟವರಿಗೂ ಪಡೆದವರಿಗೂ ಬರಕತ್ ನೀಡಲಿ. ಆಮೀನ್.